ಸೇಬಿಗೆ ಬಂದ ನೊಣ: ಒಂದು ಹುಳದ ನೂರೈವತ್ತು ವರ್ಷಗಳ ಚರಿತ್ರೆ

ಕಳೆದ ಸೆಪ್ಟೆಂಬರ್‌ನಲ್ಲಿ ಊರಿನಿಂದ ಬಂದಿದ್ದ ಅಮ್ಮ ನಮ್ಮ ಹಿತ್ತಲಿನ ಸೇಬಿನ ಮರದಿಂದ ಒಂದು ಬುಟ್ಟಿ ಹಣ್ಣು ಕಿತ್ತು, ಗೊಜ್ಜು ಮಾಡಲೆಂದು ಹೆಚ್ಚತೊಡಗಿದರು. ಮೂರನೆಯ ಹಣ್ಣು ಹೋಳಾದಾಗ ಕೈ ನಿಂತಿತು. ಹೊರಗೆ ನೋಡಲು ಹಣ್ಣು ಚೊಕ್ಕವಾಗಿತ್ತು. ಒಳಗೆ ತಿರುಳಿನ ತುಂಬ ಕಂದು ಬಣ್ಣದ ಅಂಕುಡೊಂಕು ಗೆರೆಗಳು. ಒಂದು ಗೆರೆಯ ತುದಿಯಲ್ಲಿ ಕಾಲಿಲ್ಲದ ಬಿಳಿಯ ಹುಳ. “ಇದು ನಮ್ಮ ಮಾವಿನ ಹಣ್ಣಿನ ಹುಳವೇ ಅಲ್ವೇನೋ?” ಅಂದರು.

ಅಮ್ಮನ ಕಣ್ಣು ಹೆಚ್ಚೇನೂ ತಪ್ಪಿರಲಿಲ್ಲ. ನಮ್ಮಲ್ಲಿ ಮಾವು, ಸೀಬೆಗಳನ್ನು ಕೆಡಿಸುವ ಹಣ್ಣುನೊಣವೂ ಇಲ್ಲಿ ಸೇಬನ್ನು ಕೆಡಿಸುವ ನೊಣವೂ ಟೆಫ್ರಿಟಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ದಾಯಾದಿಗಳು ಅನ್ನಬಹುದು.

ಮರುದಿನ ನಾವು ಸಿಯಾಟಲ್ ಕಡೆಯಿಂದ ಬೆಟ್ಟ ದಾಟಿ ಯಾಕಿಮಾದಲ್ಲಿರುವ ಸ್ನೇಹಿತರ ಮನೆಗೆ ಹೊರಟಿದ್ದೆವು. ಬರಿಗೈಯಲ್ಲಿ ಹೋಗಬಾರದೆಂದು ಅಮ್ಮ ಒಳ್ಳೆಯ ಹಣ್ಣುಗಳನ್ನೇ ಆರಿಸಿ ಒಂದು ಚೀಲ ತುಂಬಿಸಿಟ್ಟಿದ್ದರು. ನಾನು ಅದನ್ನು ಕಾರಿನಿಂದ ಇಳಿಸಿ ಮತ್ತೆ ಅಡುಗೆಮನೆಯಲ್ಲಿಟ್ಟೆ. ಅವರಿಗೆ ಬೇಸರವಾಯಿತು. ದಾರಿಯಲ್ಲಿ ಹೆದ್ದಾರಿಯ ಪಕ್ಕ ಫಲಕ ಕಂಡಿತು: ಇದು ಸೇಬಿನ ಹುಳದ ನಿರ್ಬಂಧಿತ ಪ್ರದೇಶ, ಮನೆಯಲ್ಲಿ ಬೆಳೆದ ಹಣ್ಣುಗಳನ್ನು ಇಲ್ಲಿಂದ ಆಚೆಗೆ ಸಾಗಿಸಬೇಡಿ. ಅದನ್ನು ಓದಿ ಹೇಳಿದಾಗ ಅಮ್ಮ ಕೇಳಿದರು: “ಒಂದು ಚೀಲ ಹಣ್ಣಿಗೆ ಇಷ್ಟೊಂದು ಹೆದರ್ತಾರೇನೋ ಇಲ್ಲಿಯವರು?”

ಕಾರಿನಲ್ಲಿ ಅರ್ಧ ಉತ್ತರ ಹೇಳಿದ್ದೆ. ಉಳಿದ ಅರ್ಧವನ್ನು ಹುಡುಕುತ್ತ ಹೋದಾಗ ದೊರೆತದ್ದು ಜೀವವಿಜ್ಞಾನದ ಒಂದು ದೊಡ್ಡ ವಾದದ ಚರಿತ್ರೆ. ಗಿಡ ತಿನ್ನುವ ಕೀಟವೊಂದು ಹೊಸ ಗಿಡಕ್ಕೆ ಹೇಗೆ ಒಗ್ಗಿಕೊಳ್ಳುತ್ತದೆ? ಆಗ ಅದರ ವಂಶವಾಹಿಗಳಲ್ಲಿ ಏನು ಬದಲಾಗುತ್ತದೆ? ಒಂದೇ ತೋಟದಲ್ಲಿದ್ದುಕೊಂಡೇ ಒಂದು ಜೀವಿ ಎರಡಾಗಿ ಕವಲೊಡೆಯಲು ಸಾಧ್ಯವೇ? ಈ ಪ್ರಶ್ನೆಗಳಿಗೆ ಜಗತ್ತಿನ ಪಠ್ಯಪುಸ್ತಕಗಳು ಕೊಡುವ ಪ್ರಸಿದ್ಧ ಉದಾಹರಣೆಗಳಲ್ಲಿ ನಮ್ಮ ಹಿತ್ತಲಿನ ಈ ಹುಳವೂ ಒಂದು.

ಇಲ್ಲಿಯ ನೊಣ, ಪರದೇಶದ ಹಣ್ಣು

ಮೊದಲು ನೊಣದ ಪರಿಚಯ. ಶಾಸ್ತ್ರೀಯ ಹೆಸರು ರ‍್ಯಾಗೊಲೆಟಿಸ್ ಪೊಮೊನೆಲ್ಲ. ಮನೆಯ ನೊಣಕ್ಕಿಂತ ಚಿಕ್ಕದು, ಸುಮಾರು 5 ಮಿಲಿಮೀಟರ್ ಉದ್ದ. ಪಾರದರ್ಶಕ ರೆಕ್ಕೆಗಳ ಮೇಲೆ ಕಪ್ಪು ಪಟ್ಟೆಗಳು. ಹೆಣ್ಣು ನೊಣ ಹಣ್ಣಿನ ಸಿಪ್ಪೆಯ ಕೆಳಗೆ ಮೊಟ್ಟೆ ಚುಚ್ಚುತ್ತದೆ. ಹುಳ ತಿರುಳನ್ನು ಕೊರೆಯುತ್ತ ಬೆಳೆಯುತ್ತದೆ. ಹಣ್ಣು ನೆಲಕ್ಕೆ ಬಿದ್ದ ಮೇಲೆ ಹೊರಬಂದು, ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಆಳಕ್ಕಿಳಿದು ಕೋಶ ಕಟ್ಟಿಕೊಳ್ಳುತ್ತದೆ. ಚಳಿಗಾಲವಿಡೀ ಅಲ್ಲಿಯೇ ಸುಪ್ತಾವಸ್ಥೆ. ಮುಂದಿನ ಬೇಸಿಗೆಯಲ್ಲಿ ನೊಣವಾಗಿ ಮೇಲೇಳುತ್ತದೆ. ವರ್ಷಕ್ಕೆ ಒಂದೇ ತಲೆಮಾರು. ಮೇಲೆದ್ದ ನೊಣ ಬದುಕುವುದು ಹೆಚ್ಚೆಂದರೆ ಒಂದು ತಿಂಗಳ ಆಸುಪಾಸು. ಅಷ್ಟರಲ್ಲಿ ಅದಕ್ಕೆ ಜೊತೆಯೂ ಸಿಗಬೇಕು, ಹದವಾದ ಹಣ್ಣೂ ಸಿಗಬೇಕು. ಈ ಒಂದು ತಿಂಗಳ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಈ ನೊಣ ಉತ್ತರ ಅಮೆರಿಕದ ಮೂಲನಿವಾಸಿ. ಅದರ ಹಳೆಯ ಮನೆ ಹಾಥಾರ್ನ್ ಎಂಬ ಮುಳ್ಳಿನ ಮರ. ನಮ್ಮ ಎಲಚಿ ಹಣ್ಣಿನಂತೆ ಪುಟ್ಟದಾದ ಕೆಂಪು ಹಣ್ಣುಗಳನ್ನು ಗೊಂಚಲು ಗೊಂಚಲಾಗಿ ಬಿಡುವ ಮರ ಅದು. ಸೇಬಾದರೋ ಪರದೇಶಿ. ಅದರ ತವರು ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳ ಮಗ್ಗುಲು. ಯುರೋಪಿನ ವಲಸಿಗರ ಜೊತೆ 17ನೆಯ ಶತಮಾನದಲ್ಲಿ ಅಮೆರಿಕಕ್ಕೆ ಬಂದಿತು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಸೇಬಿನ ತೋಟಗಳೂ ಹಾಥಾರ್ನ್ ಪೊದೆಗಳೂ ಅಕ್ಕಪಕ್ಕದಲ್ಲಿದ್ದವು. ಸೇಬಿನಲ್ಲಿ ಈ ನೊಣದ ಹುಳದ ಹಾವಳಿಯ ಸುದ್ದಿ ದಾಖಲಾಗಿರಲಿಲ್ಲ. 1860ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ಕಣಿವೆ ಹಾಗೂ ಸುತ್ತಮುತ್ತಲ ಪೂರ್ವ ರಾಜ್ಯಗಳಿಂದ ದೂರುಗಳು ಬರತೊಡಗಿದವು. ಸೇಬಿಗೆ ಹಿಂದೆಂದೂ ಕಾಣದ ಹುಳ ಬಿದ್ದಿದೆ, ಹಣ್ಣನ್ನೆಲ್ಲ ಕೊರೆದು ಹಾಕುತ್ತಿದೆ ಎಂದು ರೈತರು ಬರೆದರು.

ಮರದ ವ್ಯಾಪಾರಿಯೊಬ್ಬನ ಊಹೆ

ಆ ಹುಳಕ್ಕೆ ಹೆಸರು ಕೊಟ್ಟವನು ಬೆಂಜಮಿನ್ ಡ್ಯಾನ್ ವಾಲ್ಶ್. 1808ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗ್ರೀಕ್ ಓದಿ, ಅರಿಸ್ಟೋಫನೀಸ್‌ನ ಹಾಸ್ಯ ನಾಟಕಗಳನ್ನು ಇಂಗ್ಲಿಷಿಗೆ ತಂದ ಪಂಡಿತ. ಅದನ್ನೆಲ್ಲ ಬಿಟ್ಟು 1838ರಲ್ಲಿ ಅಮೆರಿಕಕ್ಕೆ ಬಂದು ಇಲಿನಾಯ್ ರಾಜ್ಯದಲ್ಲಿ ಹೊಲ ಮಾಡಿದ. ಆಮೇಲೆ ಮಿಸಿಸಿಪ್ಪಿ ದಡದ ರಾಕ್ ಐಲೆಂಡ್ ಊರಿಗೆ ಹೋಗಿ ಮರದ ವ್ಯಾಪಾರ ನಡೆಸಿದ. ಐವತ್ತರ ವಯಸ್ಸಿನ ಸುಮಾರಿಗೆ ವ್ಯಾಪಾರದಿಂದ ಬಿಡುವು ಮಾಡಿಕೊಂಡು ಕೀಟಗಳ ಅಧ್ಯಯನಕ್ಕೆ ತೊಡಗಿದ. ಕೊನೆಗೆ ಇಲಿನಾಯ್ ರಾಜ್ಯದ ಮೊದಲ ಅಧಿಕೃತ ಕೀಟತಜ್ಞನಾದ.

ವಿದ್ಯಾರ್ಥಿಯಾಗಿದ್ದಾಗ ವಾಲ್ಶ್ ಒಮ್ಮೆ ಕ್ರೈಸ್ಟ್ಸ್ ಕಾಲೇಜಿನ ಕೋಣೆಯೊಂದರಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಜೀರುಂಡೆ ಸಂಗ್ರಹವನ್ನು ನೋಡಿದ್ದ. ಆ ಇನ್ನೊಬ್ಬ ಚಾರ್ಲ್ಸ್ ಡಾರ್ವಿನ್. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 1864ರಲ್ಲಿ, ಆ ಭೇಟಿಯನ್ನು ನೆನಪಿಸಿ ವಾಲ್ಶ್ ಡಾರ್ವಿನ್ನನಿಗೆ ಪತ್ರ ಬರೆದ. ‘ಜೀವಿಗಳ ಉಗಮ’ ಗ್ರಂಥವನ್ನು ಓದಿ ಅವನು ವಿಕಾಸವಾದದ ಕಟ್ಟಾ ಬೆಂಬಲಿಗನಾಗಿದ್ದ. ಅಮೆರಿಕದ ಹೆಸರಾಂತ ವಿಜ್ಞಾನಿಗಳಲ್ಲಿ ಹಲವರು ಡಾರ್ವಿನ್ನನನ್ನು ಒಪ್ಪದಿದ್ದ ಕಾಲವದು.

ಅದೇ 1864ರಲ್ಲಿ ವಾಲ್ಶ್ ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ನೋಡಲು ಒಂದೇ ತೆರನಾಗಿದ್ದು ಬೇರೆ ಬೇರೆ ಗಿಡಗಳನ್ನು ತಿನ್ನುವ ಕೀಟಗಳನ್ನು ಅದರಲ್ಲಿ ಚರ್ಚಿಸಿದ. ಕೆಲವು ಜೋಡಿಗಳಲ್ಲಿ ತಿನ್ನುವ ಗಿಡ ಬೇರೆ ಎಂಬುದನ್ನು ಬಿಟ್ಟರೆ ಮತ್ತೊಂದು ಭೇದವಿಲ್ಲ. ಕೆಲವುಗಳಲ್ಲಿ ಬಣ್ಣದ, ಗಾತ್ರದ ಸಣ್ಣ ಭೇದವಿದೆ. ಇನ್ನು ಕೆಲವು ಪೂರ್ತಿ ಬೇರೆಯೇ ಆದ ಪ್ರಭೇದಗಳು. ಇವೆಲ್ಲ ಒಂದೇ ಏಣಿಯ ಮೆಟ್ಟಿಲುಗಳಲ್ಲವೇ ಎಂಬುದು ಅವನ ಪ್ರಶ್ನೆ. ಒಂದು ಕೀಟದ ಕೆಲವು ಸದಸ್ಯರು ಹೊಸ ಗಿಡಕ್ಕೆ ಹೋಗಿ, ಅಲ್ಲಿಯೇ ಕೂಡಿ, ಅಲ್ಲಿಯೇ ಮೊಟ್ಟೆಯಿಟ್ಟು ತಲೆಮಾರುಗಳನ್ನು ಕಳೆದರೆ ಮೊದಲು ಒಂದು ಒಳತಳಿಯಾಗಿ, ಕೊನೆಗೆ ಪ್ರತ್ಯೇಕ ಪ್ರಭೇದವೇ ಆಗಬಹುದು ಎಂದು ಅವನು ವಾದಿಸಿದ. ಈ ವಿಚಾರ ಡಾರ್ವಿನ್ನನಿಗೆ ಎಷ್ಟು ಮಹತ್ವದ್ದೆನಿಸಿತೆಂದರೆ ತನ್ನ ಗ್ರಂಥದ ಮುಂದಿನ ಆವೃತ್ತಿಗಳಲ್ಲಿ ವಾಲ್ಶ್‌ನ ಹೆಸರು ಹೇಳಿ ಅದನ್ನು ಸೇರಿಸಿದ.

1867ರಲ್ಲಿ ಸೇಬಿನ ಹುಳ ವಾಲ್ಶ್‌ನ ಕೈಗೆ ಬಂದಿತು. ಅವನು ಗಮನಿಸಿದ ಒಂದು ಸಂಗತಿ ತೀರ ಸರಳವಾದದ್ದು. ಇಲಿನಾಯ್‌ನಲ್ಲಿ ಈ ನೊಣವಿದೆ, ಹಾಥಾರ್ನ್ ಹಣ್ಣಿನಲ್ಲಿದೆ. ಆದರೆ ಅಲ್ಲಿ ಸೇಬನ್ನು ಅದು ಮುಟ್ಟುತ್ತಿಲ್ಲ. ಪೂರ್ವದ ರಾಜ್ಯಗಳಲ್ಲಿ ಮಾತ್ರ ಸೇಬಿಗೆ ಬಿದ್ದಿದೆ. ಹಾಗಾದರೆ ಇದು ಹೊರದೇಶದಿಂದ ಬಂದ ಪೀಡೆಯಲ್ಲ. ಇಲ್ಲಿಯದೇ ನೊಣ ಒಂದು ಕಡೆ ಹೊಸ ಅಭ್ಯಾಸ ಕಲಿತಿದೆ. ಅವನು ಮೂರು ವರ್ಷದ ಹಿಂದೆ ಕಾಗದದ ಮೇಲೆ ಬರೆದ ಊಹೆಯ ಮೊದಲ ಮೆಟ್ಟಿಲು ಕಣ್ಣೆದುರಿಗೇ ನಡೆಯುತ್ತಿರುವಂತಿತ್ತು. ಆದರೆ ಅದನ್ನು ಬೆನ್ನಟ್ಟಲು ಅವನಿಗೆ ಆಯುಷ್ಯ ಉಳಿದಿರಲಿಲ್ಲ. 1869ರ ನವೆಂಬರ್‌ನಲ್ಲಿ ರಾಕ್ ಐಲೆಂಡ್‌ನ ರೈಲು ಹಳಿಯ ಮೇಲೆ ಅಪಘಾತಕ್ಕೀಡಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ.

ಬೆಟ್ಟವಿಲ್ಲದೆ ಬೇರೆಯಾಗಬಹುದೇ?

ವಾಲ್ಶ್‌ನ ಊಹೆಗೆ ಮುಂದಿನ ನೂರು ವರ್ಷ ಒಳ್ಳೆಯ ಕಾಲವಾಗಿರಲಿಲ್ಲ. ಅದಕ್ಕೆ ಕಾರಣವೂ ಇತ್ತು.

20ನೆಯ ಶತಮಾನದ ವಿಕಾಸವಾದಿಗಳಲ್ಲಿ ಅಗ್ರಗಣ್ಯರಾದ ಅರ್ನ್‌ಸ್ಟ್ ಮೇಯರ್ 1942ರಲ್ಲಿಯೂ ಮತ್ತೆ 1963ರಲ್ಲಿಯೂ ಬರೆದ ಗ್ರಂಥಗಳಲ್ಲಿ ಒಂದು ಮಾತನ್ನು ಬಲವಾಗಿ ಪ್ರತಿಪಾದಿಸಿದರು. ಒಂದು ಪ್ರಭೇದ ಎರಡಾಗಬೇಕಾದರೆ ಮೊದಲು ನಡುವೆ ಒಂದು ಭೌಗೋಳಿಕ ಅಡ್ಡಿ ಬೇಕು. ಬೆಟ್ಟವೋ ಸಮುದ್ರವೋ ಮರುಭೂಮಿಯೋ ಅವನ್ನು ಬೇರ್ಪಡಿಸಬೇಕು. ಬಹುಕಾಲ ಹಾಗೆ ದೂರವಿದ್ದಾಗ ಎರಡೂ ಗುಂಪುಗಳು ತಮ್ಮ ತಮ್ಮ ದಾರಿಯಲ್ಲಿ ಬದಲಾಗುತ್ತವೆ. ಒಂದೇ ತೋಟದಲ್ಲಿ ಗಂಡು ಹೆಣ್ಣುಗಳು ಬೆರೆಯುತ್ತಲೇ ಇದ್ದರೆ, ಒಂದು ತಲೆಮಾರಿನಲ್ಲಿ ಹುಟ್ಟಿದ ಸಣ್ಣ ಭೇದ ಮುಂದಿನ ತಲೆಮಾರಿನಲ್ಲಿ ಕರಗಿಹೋಗುತ್ತದೆ. ತರ್ಕ ಗಟ್ಟಿಯಾದದ್ದೇ. ಹಕ್ಕಿಗಳ ವಿಷಯದಲ್ಲಿ ಮೇಯರ್ ಕಂಡಿದ್ದ ಸಾಕ್ಷ್ಯಗಳೂ ಅದಕ್ಕೆ ಒಪ್ಪುತ್ತಿದ್ದವು. ಒಂದೇ ಜಾಗದಲ್ಲಿ ಕವಲೊಡೆಯುವುದನ್ನು ನಂಬುವವರು ಸಾಕ್ಷ್ಯ ತರಲಿ ಎಂಬುದು ಅವರ ನಿಲುವು.

ಆ ಸಾಕ್ಷ್ಯವನ್ನು ಹುಡುಕಲು ಹೊರಟವರು ಗೈ ಬುಷ್. ಉತ್ತರ ಅಮೆರಿಕದ ರ‍್ಯಾಗೊಲೆಟಿಸ್ ನೊಣಗಳೆಲ್ಲವನ್ನೂ ಅವುಗಳ ದೇಹರಚನೆ, ವರ್ಣತಂತುಗಳ ಸಹಿತ ಪರಿಶೀಲಿಸಿದ ಅವರ ಬೃಹತ್ ಪ್ರಬಂಧ 1966ರಲ್ಲಿ ಬಂದಿತು. ಅದನ್ನು ಪ್ರಕಟಿಸಿದ್ದು ಹಾರ್ವರ್ಡ್‌ನ ತುಲನಾತ್ಮಕ ಪ್ರಾಣಿಶಾಸ್ತ್ರ ಸಂಗ್ರಹಾಲಯ. ಆಗ ಆ ಸಂಗ್ರಹಾಲಯದ ನಿರ್ದೇಶಕರಾಗಿದ್ದವರು ಸ್ವತಃ ಮೇಯರ್. ಎದುರುವಾದಕ್ಕೂ ಒಂದೇ ಸೂರಿನಡಿ ಜಾಗವಿದ್ದದ್ದು ಆ ವಿದ್ಯಾಸಂಸ್ಥೆಯ ಹಿರಿಮೆ ಎನ್ನಬೇಕು.

ಬುಷ್ ತೋರಿಸಿದ್ದು ಇಷ್ಟು. ಈ ನೊಣಗಳ ಗಂಡು ಹೆಣ್ಣುಗಳು ಎಲ್ಲೆಂದರಲ್ಲಿ ಕೂಡುವುದಿಲ್ಲ. ಹಣ್ಣಿನ ಮೇಲೆ ಅಥವಾ ಹಣ್ಣಿನ ಪಕ್ಕದಲ್ಲಿ ಕೂಡುತ್ತವೆ. ಹಣ್ಣೇ ಅವುಗಳ ಮದುವೆಯ ಚಪ್ಪರ, ಹಣ್ಣೇ ಬಾಣಂತಿಯ ಕೋಣೆ. ಆದ್ದರಿಂದ ಹಣ್ಣನ್ನು ಬದಲಿಸಿದ ನೊಣ ತನಗೆ ಗೊತ್ತಿಲ್ಲದೆಯೇ ತನ್ನ ಸಂಬಂಧಿಗಳ ವಲಯವನ್ನೂ ಬದಲಿಸಿರುತ್ತದೆ. ಸೇಬಿನ ಮೇಲೆ ಇಳಿದ ನೊಣಕ್ಕೆ ಸಿಗುವುದು ಸೇಬಿನ ಮೇಲೆ ಇಳಿದ ಇನ್ನೊಂದು ನೊಣವೇ. ನಡುವೆ ಬೆಟ್ಟ ಬೇಕಿಲ್ಲ. ಹತ್ತಡಿ ದೂರದ ಎರಡು ಮರಗಳು ಸಾಕು. 1969ರಲ್ಲಿ ಅವರು ಈ ವಾದವನ್ನು ಇನ್ನಷ್ಟು ಸ್ಪಷ್ಟವಾಗಿ ಮುಂದಿಟ್ಟರು. ಆದರೂ ಸಂಶಯ ಉಳಿಯಿತು. ಸೇಬಿನ ನೊಣ, ಹಾಥಾರ್ನ್ ನೊಣ ಎಂದು ಎರಡು ಗುಂಪುಗಳು ನಿಜವಾಗಿ ಇವೆಯೇ? ಅಥವಾ ಒಂದೇ ನೊಣ ಆಗಸ್ಟ್‌ನಲ್ಲಿ ಸೇಬು ತಿಂದು ಸೆಪ್ಟೆಂಬರ್‌ನಲ್ಲಿ ಹಾಥಾರ್ನ್‌ಗೆ ಹೋಗುತ್ತದೆಯೇ? ಕಣ್ಣಿಗೆ ಎರಡೂ ಒಂದೇ ರೂಪ. ರೂಪ ನೋಡಿ ತೀರ್ಮಾನಿಸುವಂತಿರಲಿಲ್ಲ.

1988ರ ತೀರ್ಮಾನ

ಉತ್ತರ ಬಂದದ್ದು ಮಿಶಿಗನ್ ರಾಜ್ಯದ ಗ್ರ್ಯಾಂಟ್ ಎಂಬಲ್ಲಿಯ ಒಂದು ಬಯಲಿನಿಂದ. ಅಲ್ಲಿ ಸೇಬು ಹಾಗೂ ಹಾಥಾರ್ನ್ ಮರಗಳು ಬೆರೆತು ಬೆಳೆದಿದ್ದವು. ಬುಷ್ ಅವರ ಶಿಷ್ಯ ಜೆಫ್ರಿ ಫೆಡರ್ ಮತ್ತು ಸಂಗಡಿಗರು ಎರಡೂ ಮರಗಳ ಹಣ್ಣಿನಿಂದ ನೊಣಗಳನ್ನು ಸಂಗ್ರಹಿಸಿ, ಅವುಗಳ ಕಿಣ್ವಗಳನ್ನು ವಿದ್ಯುತ್ ಹಾಯಿಸಿ ಬೇರ್ಪಡಿಸಿ ನೋಡಿದರು. ಕಿಣ್ವದ ರೂಪ ಬೇರೆಯಾದರೆ ಅದರ ವಂಶವಾಹಿಯೂ ಬೇರೆ. 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಫಲಿತಾಂಶ ಪ್ರಕಟವಾಯಿತು: ಎರಡು ಗುಂಪುಗಳ ನಡುವೆ ಆರು ವಂಶವಾಹಿ ತಾಣಗಳಲ್ಲಿ ಸ್ಥಿರವಾದ ಅಂತರವಿದೆ. ಬೇರೊಂದು ತಂಡವೂ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಇದೇ ದಿಕ್ಕಿನ ಫಲಿತಾಂಶವನ್ನು ಮಂಡಿಸಿತು. ವಾಲ್ಶ್‌ನ ಊಹೆಗೆ 124 ವರ್ಷಗಳ ಬಳಿಕ ಸಾಕ್ಷಿ ದೊರೆತಂತಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೇಬಿನ ನೊಣದಲ್ಲಿರುವ ವಂಶವಾಹಿ ರೂಪಗಳೆಲ್ಲ ಹಾಥಾರ್ನ್ ನೊಣದಲ್ಲಿಯೂ ಇವೆ. ಭೇದ ಇರುವುದು ಪ್ರಮಾಣದಲ್ಲಿ. ಮಂಡ್ಯದ ಸಾರಿಗೂ ಧಾರವಾಡದ ಸಾರಿಗೂ ಬೇಳೆ, ಮೆಣಸಿನಕಾಯಿ, ಹುಣಸೆ ಅವೇ. ಹಾಕುವ ಅಳತೆ ಬೇರೆ. ಅಳತೆ ಬೇರೆಯಾದರೆ ಸಾರೇ ಬೇರೆ ಎಂಬುದನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮುಂದೆ ಫೆಡರ್ ತಂಡದವರು ನೊಣಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು, ಯಾವ ನೊಣ ಯಾವ ಮರಕ್ಕೆ ಹೋಗುತ್ತದೆಂದು ಲೆಕ್ಕ ಹಾಕಿದರು. 1994ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಎರಡು ಗುಂಪುಗಳ ನಡುವೆ ತಲೆಮಾರಿಗೆ ಸುಮಾರು ಶೇಕಡ 6ರಷ್ಟು ಬೆರಕೆ ನಡೆಯುತ್ತದೆ. ಶೇಕಡ 6 ಕಡಿಮೆಯಲ್ಲ. ಮೇಯರ್ ಅವರ ತರ್ಕದಂತೆ ಕೆಲವೇ ದಶಕಗಳಲ್ಲಿ ಭೇದವೆಲ್ಲ ಅಳಿಸಿಹೋಗಬೇಕು. ಆದರೆ ಅಳಿಸುತ್ತಿಲ್ಲ. ಅಂದರೆ ಪ್ರತಿವರ್ಷವೂ ಬೆರಕೆ ಕಲಸಿದ್ದನ್ನು ಮತ್ಯಾವುದೋ ಶಕ್ತಿ ಪ್ರತಿವರ್ಷವೂ ಬೇರ್ಪಡಿಸುತ್ತಿದೆ. ಆ ಶಕ್ತಿ ಯಾವುದು?

ಹೊಟ್ಟೆಯಲ್ಲ, ಪಂಚಾಂಗ

ಹೊಸ ಗಿಡಕ್ಕೆ ಒಗ್ಗಿಕೊಳ್ಳುವುದೆಂದರೆ ಅದನ್ನು ಅರಗಿಸಿಕೊಳ್ಳಲು ಕಲಿಯುವುದು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ಎಷ್ಟೋ ಕೀಟಗಳಲ್ಲಿ ಅದು ನಿಜ ಕೂಡ. ಗಿಡದ ವಿಷವನ್ನು ಮುರಿಯುವ ಕಿಣ್ವಗಳೇ ಅಲ್ಲಿ ಮುಖ್ಯ. ಆದರೆ ಸೇಬಿನ ನೊಣದ ಕಥೆ ಬೇರೆ. ಸೇಬಿನ ನೊಣದ ಮರಿಗಳನ್ನು ಸೇಬಿನಲ್ಲಿಯೂ ಹಾಥಾರ್ನ್‌ನಲ್ಲಿಯೂ ಬೆಳೆಸಿ ನೋಡಿದರೆ ಹೆಚ್ಚು ಬದುಕುವುದು ಇಂದಿಗೂ ಹಳೆಯ ಹಾಥಾರ್ನ್‌ನಲ್ಲಿಯೇ. ಸೇಬು ಅದರ ಹೊಟ್ಟೆಗೆ ಒಳ್ಳೆಯ ಊಟವೇನಲ್ಲ. ಹಾಗಿದ್ದೂ ಸೇಬಿನಲ್ಲಿ ಒಂದು ಅನುಕೂಲವಿದೆ: ಹುಳವನ್ನು ಹುಡುಕಿ ಅದರೊಳಗೆ ಮೊಟ್ಟೆಯಿಡುವ ಪರಜೀವಿ ಕಣಜಗಳ ಕಾಟ ಅಲ್ಲಿ ಕಡಿಮೆ. ಊಟ ಸಪ್ಪೆಯಾದರೂ ಶತ್ರುಗಳು ಕಡಿಮೆಯಿರುವ ಊರು.

ನಿಜವಾದ ಹೊಂದಾಣಿಕೆ ನಡೆದದ್ದು ಪಂಚಾಂಗದಲ್ಲಿ. ಸೇಬು ಹಾಥಾರ್ನ್‌ಗಿಂತ ಮೂರು ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ. ನೊಣದ ಆಯುಷ್ಯವೇ ಒಂದು ತಿಂಗಳು ಎಂಬುದನ್ನು ಈಗ ನೆನಪಿಸಿಕೊಳ್ಳಿ. ಹಾಥಾರ್ನ್ ವೇಳೆಗೆ ಸರಿಯಾಗಿ ಏಳುವ ನೊಣಕ್ಕೆ ಸೇಬಿನ ಹಬ್ಬ ಮುಗಿಯುತ್ತ ಬಂದಿರುತ್ತದೆ. ಸೇಬನ್ನು ನಂಬಿದ ನೊಣ ಬೇಗ ಏಳಬೇಕು. ಸೇಬಿನ ನೊಣಗಳು ಹಾಥಾರ್ನ್ ನೊಣಗಳಿಗಿಂತ ಸರಾಸರಿ ಹತ್ತು ದಿನದಷ್ಟು ಮೊದಲು ಮಣ್ಣಿನಿಂದ ಮೇಲೆ ಬರುತ್ತವೆ. ಇದರಿಂದ ಎರಡು ಗುಂಪುಗಳ ಭೇಟಿಯೂ ಕಡಿಮೆಯಾಗುತ್ತದೆ.

ಇನ್ನೊಂದು ತೊಡಕಿದೆ. ಬೇಗ ಹಣ್ಣಾದ ಸೇಬು ಬೇಗ ಉದುರುತ್ತದೆ. ಅದರ ಹುಳ ಚಳಿ ಬರುವುದಕ್ಕೆ ಬಹಳ ಮುಂಚೆಯೇ ಮಣ್ಣು ಸೇರುತ್ತದೆ. ಅಲ್ಲಿ ಇನ್ನೂ ಬೆಚ್ಚನೆಯ ವಾರಗಳು ಕಳೆಯಬೇಕು. ನಿದ್ದೆ ಹಗುರಾಗಿದ್ದರೆ ಆ ಬಿಸಿಯನ್ನೇ ಮುಂದಿನ ಬೇಸಿಗೆಯೆಂದು ತಿಳಿದು ಹುಳ ನೊಣವಾಗಿ ಮೇಲೆದ್ದುಬಿಡುತ್ತದೆ. ಹೊರಗೆ ಹಣ್ಣಿಲ್ಲ, ಎದುರಿಗೆ ಹಿಮ. ಸಾವು ಖಚಿತ. ಆದ್ದರಿಂದ ಸೇಬಿನ ಹುಳಕ್ಕೆ ಚಳಿಗೆ ಮುಂಚಿನ ಬಿಸಿಯಲ್ಲಿ ಕದಲದ ಗಾಢ ನಿದ್ದೆ ಬೇಕು.

ಫೆಡರ್ ತಂಡ ಇದನ್ನು ಪ್ರಯೋಗದಲ್ಲಿ ಪರೀಕ್ಷಿಸಿತು. ಹಾಥಾರ್ನ್ ನೊಣದ ಕೋಶಗಳನ್ನೇ ತೆಗೆದುಕೊಂಡು, ಚಳಿಗೆ ಇಡುವ ಮುನ್ನ ಸೇಬಿನ ಹುಳ ಅನುಭವಿಸುವಂಥ ದೀರ್ಘವಾದ ಬೆಚ್ಚನೆಯ ಅವಧಿಗೆ ಒಡ್ಡಿದರು. ಬದುಕುಳಿದವುಗಳ ವಂಶವಾಹಿ ಪ್ರಮಾಣ ಸೇಬಿನ ನೊಣದ ಕಡೆಗೆ ವಾಲಿತ್ತು. ಒಂದೇ ತಲೆಮಾರಿನಲ್ಲಿ! 1997ರಲ್ಲಿ ಬಂದ ಈ ಫಲಿತಾಂಶ ಹಿಂದಿನ ಪ್ರಶ್ನೆಗೆ ಉತ್ತರವಾಯಿತು. ಪ್ರತಿವರ್ಷ ಬೇರ್ಪಡಿಸುತ್ತಿದ್ದ ಶಕ್ತಿ ಹಣ್ಣಿನ ವೇಳಾಪಟ್ಟಿ. ನೊಣ ತಾನಾಗಿ ಏನನ್ನೂ ಕಲಿಯಲಿಲ್ಲ, ಬಯಸಲೂ ಇಲ್ಲ. ಹಗುರ ನಿದ್ದೆಯವು ಸೇಬಿನ ಮರದಡಿ ಸತ್ತವು; ಗಾಢ ನಿದ್ದೆಯವು ಉಳಿದವು. ಮುಂದೆ 2010ರ ಅಧ್ಯಯನದಲ್ಲಿ ಈ ಆಯ್ಕೆಯ ಗುರುತು ಆರು ತಾಣಗಳಲ್ಲಷ್ಟೇ ಅಲ್ಲ, ಜೀನೋಮಿನ ಉದ್ದಗಲಕ್ಕೂ ಹರಡಿದೆ ಎಂದು ತಿಳಿಯಿತು.

ಪಂಚಾಂಗದ ಜೊತೆ ಮೂಗೂ ಬದಲಾಯಿತು. 2003ರ ಪ್ರಯೋಗಗಳಲ್ಲಿ ಸೇಬಿನ ನೊಣಗಳು ಸೇಬಿನ ಪರಿಮಳದ ಮಿಶ್ರಣದ ಕಡೆಗೂ, ಹಾಥಾರ್ನ್ ನೊಣಗಳು ಹಾಥಾರ್ನ್ ಪರಿಮಳದ ಕಡೆಗೂ ಹಾರಿದವು. ಎರಡರ ಬೆರಕೆಯಿಂದ ಹುಟ್ಟಿದ ನೊಣಗಳ ಪಾಡು ಕಷ್ಟದ್ದು: ಅವಕ್ಕೆ ಎರಡೂ ಪರಿಮಳ ಸರಿಯಾಗಿ ಹಿಡಿಯಲಿಲ್ಲ. ಮನೆ ಯಾವುದೆಂದು ತಿಳಿಯದ ನೊಣಕ್ಕೆ ಜೊತೆಯೂ ಸಿಗುವುದು ಕಷ್ಟ. ಹೀಗೆ ಎರಡು ಮರಗಳ ನಡುವೆ ಕಣ್ಣಿಗೆ ಕಾಣದ ಬೇಲಿ ಬೆಳೆಯುತ್ತಿದೆ.

ಮೆಕ್ಸಿಕೊದಿಂದ ಬಂದ ಹಳೆಯ ಬುತ್ತಿ

ಇಲ್ಲಿಗೆ ಕಥೆ ಮುಗಿಯಿತು, ವಾಲ್ಶ್ ಮತ್ತು ಬುಷ್ ಗೆದ್ದರು, ಮೇಯರ್ ಸೋತರು ಎಂದು ಬರೆಯಬಹುದಿತ್ತು. ಆದರೆ 2003ರಲ್ಲಿಯೇ ಫೆಡರ್ ಮತ್ತು ಸಂಗಡಿಗರು ಇನ್ನೊಂದು ಫಲಿತಾಂಶ ತಂದರು. ಅದನ್ನು ಓದಿದಾಗ ನನಗೆ ಈ ಲೇಖನ ಬರೆಯಲೇಬೇಕೆನಿಸಿತು.

ನಿದ್ದೆಯ ಹದವನ್ನು ನಿರ್ಧರಿಸುವ ವಂಶವಾಹಿಗಳು ಎಷ್ಟು ಹಳೆಯವು ಎಂದು ಅವರು ಕೇಳಿದರು. ಇವು ವರ್ಣತಂತುಗಳ ಕೆಲವು ತುಂಡುಗಳಲ್ಲಿ ತಲೆಕೆಳಗಾಗಿ ಜೋಡಣೆಗೊಂಡು, ಒಟ್ಟೊಟ್ಟಿಗೇ ಮುಂದಿನ ತಲೆಮಾರಿಗೆ ಸಾಗುತ್ತವೆ. ಅವುಗಳ ವಯಸ್ಸು ನೂರೈವತ್ತು ವರ್ಷವಲ್ಲ. ಸುಮಾರು ಹದಿನೈದು ಲಕ್ಷ ವರ್ಷ. ಅವುಗಳ ಮೂಲವೂ ಹಡ್ಸನ್ ಕಣಿವೆಯಲ್ಲ. ಮೆಕ್ಸಿಕೊದ ಎತ್ತರದ ಜ್ವಾಲಾಮುಖಿ ಪರ್ವತಸಾಲಿನಲ್ಲಿ ಪ್ರತ್ಯೇಕವಾಗಿ ಬದುಕಿದ್ದ ಹಾಥಾರ್ನ್ ನೊಣಗಳಲ್ಲಿ ಅವು ರೂಪುಗೊಂಡು, ಬಹು ಹಿಂದೆಯೇ ಉತ್ತರದ ನೊಣಗಳಿಗೆ ಬೆರಕೆಯ ಮೂಲಕ ಬಂದು ಸೇರಿದ್ದವು.

ಅಂದರೆ ಸೇಬು ಅಮೆರಿಕದ ದಡ ಮುಟ್ಟುವ ಹೊತ್ತಿಗೆ ಅದಕ್ಕೆ ಬೇಕಾದ ಸಾಮಗ್ರಿ ಇಲ್ಲಿಯ ನೊಣಗಳ ಬುತ್ತಿಯಲ್ಲಿ ಆಗಲೇ ಇತ್ತು. ಸೇಬಿಗಾಗಿ ಹೊಸ ವಂಶವಾಹಿ ಹುಟ್ಟಬೇಕಾಗಲಿಲ್ಲ. ಬೇರೊಂದು ನಾಡಿನ ಹವೆಗೆ, ಬೇರೊಂದು ಹಣ್ಣಿನ ಕಾಲಕ್ಕೆ ಒದಗಿದ್ದ ಹಳೆಯ ಗುಣಗಳ ಅಳತೆ ಬದಲಾದರೆ ಸಾಕಾಯಿತು. ಬೇರೆ ಬೇರೆ ನಾಡುಗಳಲ್ಲಿ ದೂರವಿದ್ದಾಗ ಗುಣಗಳು ಕೂಡಿಬಂದವು ಎನ್ನುವಲ್ಲಿ ಮೇಯರ್ ಸರಿ. ಕೊನೆಯ ಕವಲು ಒಂದೇ ಬಯಲಿನಲ್ಲಿ ಒಡೆಯಿತು ಎನ್ನುವಲ್ಲಿ ಬುಷ್ ಸರಿ. ಮೇಯರ್ 2005ರಲ್ಲಿ ನೂರು ತುಂಬಿಸಿ ತೀರಿಕೊಂಡರು. ಅಷ್ಟರೊಳಗೆ ಅವರ ವಾದವೂ ಅವರ ಎದುರುವಾದವೂ ಒಂದೇ ನೊಣದೊಳಗೆ ಜಾಗ ಪಡೆದಿದ್ದವು.

ಬದಲಾವಣೆ ನೊಣಕ್ಕೇ ನಿಲ್ಲಲಿಲ್ಲ. ಈ ಹುಳಗಳೊಳಗೆ ಮೊಟ್ಟೆಯಿಡುವ ಡಯಾಕಾಸ್ಮ ಅಲೋಯಂ ಎಂಬ ಕಣಜವೂ ತನ್ನ ಬೇಟೆಯ ಹಣ್ಣಿಗೆ ತಕ್ಕಂತೆ ಕವಲೊಡೆಯುತ್ತಿದೆ ಎಂದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯಾರೋ ಒಂದು ಹಡಗಿನಲ್ಲಿ ಸೇಬಿನ ಬೀಜ ತಂದರು, ಅದರಿಂದ ನೊಣ ಕವಲೊಡೆಯಿತು, ನೊಣದಿಂದ ಕಣಜ.

ಒಂದು ಚೀಲ ಹಣ್ಣು

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ನೊಣ ತನ್ನ ರೆಕ್ಕೆಯಿಂದಲೇ ಹೋಗಬಲ್ಲ ದೂರ ಅಲ್ಪ. ರಾಕಿ ಪರ್ವತಗಳನ್ನು ದಾಟುವ ಶಕ್ತಿ ಅದಕ್ಕಿಲ್ಲ. ಆದರೂ 1979ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಮನೆಯೊಂದರ ಸೇಬಿನ ಮರದಲ್ಲಿ ಅದು ಕಾಣಿಸಿತು. ಮರುವರ್ಷ ವಾಷಿಂಗ್ಟನ್ ರಾಜ್ಯದಲ್ಲಿ. ಹುಳವಿದ್ದ ಹಣ್ಣು ಮನುಷ್ಯರ ಜೊತೆ ಪ್ರಯಾಣ ಮಾಡಿದ್ದೇ ಇದಕ್ಕೆ ಕಾರಣವೆಂದು ಎಣಿಸಲಾಗಿದೆ. ಈಗ ಪಶ್ಚಿಮದ ಕಾಡು ಹಾಥಾರ್ನ್‌ಗಳಲ್ಲಿಯೂ ಅದು ನೆಲೆಸಿದೆ. ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ವಾಷಿಂಗ್ಟನ್ ರಾಜ್ಯದಲ್ಲಿ, ಅದರಲ್ಲಿಯೂ ಕ್ಯಾಸ್ಕೇಡ್ ಬೆಟ್ಟಗಳ ಆಚೆಯ ಯಾಕಿಮಾ, ವೆನಾಚಿ ಕಣಿವೆಗಳಲ್ಲಿ. ಬೆಂಗಳೂರಿನ ಹಣ್ಣಿನಂಗಡಿಗಳಲ್ಲಿ ‘ವಾಷಿಂಗ್ಟನ್’ ಎಂಬ ಪುಟ್ಟ ಚೀಟಿ ಅಂಟಿಸಿಕೊಂಡು ಕೂತಿರುವ ಸೇಬು ಇಲ್ಲಿಯದೇ.

ಫಲಕ ನೆಟ್ಟವರ ಭಯ ಇಂದಿನ ನೊಣದ್ದು ಮಾತ್ರವಲ್ಲ. ಹೊಸ ಕಣಿವೆ, ಹೊಸ ಹವೆ, ಹೊಸ ತಳಿಯ ಹಣ್ಣು ಎದುರಾದಾಗ ಈ ನೊಣದ ಹಳೆಯ ಬುತ್ತಿಯಿಂದ ಇನ್ನೇನು ಹೊರಬಂದೀತು? ಅದು ಎಷ್ಟು ಬೇಗ ಬದಲಾಗಬಲ್ಲದು ಎಂಬುದಕ್ಕೆ ನೂರೈವತ್ತು ವರ್ಷಗಳ ದಾಖಲೆಯಿದೆ. ನಮ್ಮ ಊರಿನ ಮಾವಿಗೂ ಇದೇ ನಿಯಮ. ಬಹುಕಾಲ ಅಮೆರಿಕದೊಳಗೆ ಬಿಡದಿದ್ದ ಭಾರತದ ಮಾವಿನ ಹಣ್ಣನ್ನು 2007ರಲ್ಲಿ ಬಿಟ್ಟುಕೊಂಡದ್ದು ವಿಕಿರಣಕ್ಕೆ ಒಡ್ಡಿ ತರಬೇಕೆಂಬ ಷರತ್ತಿನ ಮೇಲೆ. ಹಣ್ಣುನೊಣ, ಓಟೆಯ ಹುಳಗಳು ಒಳಗಿದ್ದರೆ ಮುಂದೆ ಬೆಳೆಯದಂತೆ ಮಾಡುವುದು ಅದರ ಉದ್ದ��ಶ. ವಿಮಾನ ನಿಲ್ದಾಣದಲ್ಲಿ ಚೀಲದಿಂದ ಹಣ್ಣು ತೆಗೆಸುವಾಗ ನಾವೆಲ್ಲ ಒಮ್ಮೆಯಾದರೂ ಗೊಣಗಿದ್ದೇವೆ. ಈ ಚರಿತ್ರೆ ತಿಳಿದ ಮೇಲೆ ನನ್ನ ಗೊಣಗಾಟ ಕಡಿಮೆಯಾಗಿದೆ.

ಹಿತ್ತಲಲ್ಲಿ ಸೇಬಿನ ಮರವಿರುವ ಸದಸ್ಯರಿಗೆ ಒಂದು ಮಾತು. ಬಿದ್ದ ಹಣ್ಣನ್ನು ಮರದಡಿಯೇ ಕೊಳೆಯಲು ಬಿಡಬೇಡಿ; ಹುಳ ಮಣ್ಣಿಗಿಳಿಯುವ ದಾರಿ ಅದೇ. ಎರಡು ಮೂರು ದಿನಕ್ಕೊಮ್ಮೆ ಆರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ನಿರ್ಬಂಧಿತ ಪ್ರದೇಶದಲ್ಲಿದ್ದರೆ ಹಣ್ಣನ್ನು ಬೆಟ್ಟ ದಾಟಿಸಬೇಡಿ. ಉಡುಗೊರೆ ಕೊಡಬೇಕೆನಿಸಿದರೆ ಗೊಜ್ಜು ಮಾಡಿ ಕೊಡಿ.

ನಾವೂ ಹಾಗೆಯೇ ಮಾಡಿದೆವು. ಆ ಚೀಲದ ಹಣ್ಣೆಲ್ಲ ಗೊಜ್ಜಾಯಿತು, ಮುಂದಿನ ಸಲ ಒಂದು ಬಾಟಲಿ ಯಾಕಿಮಾಕ್ಕೂ ಹೋಯಿತು. ಊರಿಗೆ ಮರಳಿದ ಅಮ್ಮ ಈ ಮೇ ತಿಂಗಳಲ್ಲಿ ಫೋನು ಮಾಡಿದಾಗ ಮಾವಿನ ಫಸಲಿನ ವಿಷಯ ಬಂತು. ಉದುರಿದ ಹಣ್ಣನ್ನೆಲ್ಲ ಆಳು ಕರೆಸಿ ಆರಿಸಿ, ಮೊಣಕಾಲುದ್ದ ಗುಂಡಿ ತೆಗೆಸಿ ಹೂಳಿಸಿದ್ದಾರಂತೆ. “ನಿಮ್ಮ ನೊಣಕ್ಕೆ ಅಷ್ಟು ದೊಡ್ಡ ಬೋರ್ಡು ಹಾಕಿದಾರೆ, ನಮ್ಮ ನೊಣ ಏನು ಕಡಿಮೆಯೇನೋ?” ಅಂದರು.